ಕೂಸಿಗೆ ಮೊದಲು ಗೊತ್ತಾಗುತ್ತದೆ

ಮಾರ್ಚ್ ೧೨, ಬುಧವಾರ

ಒಂಬತ್ತು ತಿಂಗಳ ಮಗಳು ಇವತ್ತೂ ಮೊಲೆಗೆ ಬಾಯಿ ಹಚ್ಚಿ ಮುಖ ತಿರುಗಿಸಿದಳು. ಈ ವಾರವೆಲ್ಲ ಹೀಗೇ.

ಹೆರಿಗೆಯಾದಾಗ ಕಾಪರ್-ಟಿ ಹಾಕುತ್ತೇನೆಂದ ಡಾಕ್ಟರಿಗೆ ಅತ್ತೆಯೇ ಬೇಡ ಅಂದಿದ್ದರು. "ಕೂಸು ಹಾಲು ಕುಡಿಯೂತನಕ ಬಸಿರು ನಿಲ್ಲೂದಿಲ್ಲ ಬಿಡವಾ." ಬಿ.ಕಾಂ. ಓದಿದ ನಾನೂ ನಂಬಿಬಿಟ್ಟೆ! ಅಂಧೇರಿಯ ಆಫೀಸಿಗೆ ಮರಳಿದ ಮೇಲೆ ಹಗಲೆಲ್ಲ ಬಾಟಲಿ ಹಾಲು, ರಾತ್ರಿ ಮಾತ್ರ ನನ್ನದು. ಅಷ್ಟೇ ಸಾಕು ಅಂದುಕೊಂಡೆ. ಮುಟ್ಟು ಇನ್ನೂ ಬಂದಿಲ್ಲ; ಹಾಲೂಡಿಸುವವರಿಗೆ ತಡವಾಗಿಯೇ ಬರುತ್ತದಂತೆ.

ಸಂಜೆ ರೊಟ್ಟಿ ಬಡಿಯುತ್ತಿದ್ದ ಅತ್ತೆಯನ್ನು ಕೇಳಿದೆ, "ಅತ್ತಿ, ಇಕಿ ಯಾಕ ಹಾಲು ಒಲ್ಲೆ ಅಂತಾಳ?"

ಅವರು ತಲೆ ಎತ್ತದೆ ಹೇಳಿದರು, "ಹೊಟ್ಟ್ಯಾಗ ಇನ್ನೊಂದು ನಿಂತ್ರ ಹಾಲಿನ ರುಚಿ ಕೆಡತೈತಿ. ಕೂಸಿಗೇ ಮೊದಲ ಗೊತ್ತಾಗತೈತಿ."

ಹೇಳಿ ಮುಗಿಸಿದ ಮೇಲೆ ತಲೆ ಎತ್ತಿದರು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಇಬ್ಬರೂ ಕೈ ಚಾಚಲಿಲ್ಲ.