ಐಸ್ ತರುವ ಮೊದಲೋ, ತಂದ ಮೇಲೋ

ಆಗಸ್ಟ್ 19, ಸೋಮವಾರ. ಬೆಳಿಗ್ಗೆ 7. ಬಿ.ಪಿ. 158/90

ಬರೆಯಬೇಕಂತೆ. ಎಪ್ಪತ್ನಾಲ್ಕು ತುಂಬಿದ ಮೇಲೆ ಹೋಮ್‌ವರ್ಕ್. ಕ್ಲಿನಿಕ್ಕಿನ ನರ್ಸ್ ನೋಟ್‌ಬುಕ್ ಕೈಗೆ ತುರುಕಿದಳು. "ದಿನಾ ಬಿ.ಪಿ. ಬರೀರಿ ಆರ್ಲಿಸ್. ಕೋಪ ಬಂದಿದ್ರೆ ಯಾಕೆ ಬಂತು ಅಂತಾನೂ ಬರೀರಿ."

ಯಾರು ಓದುತ್ತಾರೆ ಎಂದೆ. "ಯಾರೂ ಓದಲ್ಲ. ನಾನು ನಂಬರ್ ಮಾತ್ರ ನೋಡ್ತೀನಿ."

ಯಾರೂ ಓದದ್ದನ್ನು ಬರೆಯುವುದೇಕೆ? ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬಟಾಣಿ ಡಬ್ಬಿ ತುಂಬುವ ಫ್ಯಾಕ್ಟರಿ ಸೇರಿದ್ದೇ ಈ ಬರೆಯುವ ಕಾಟ ತಪ್ಪಲಿ ಎಂದು.

ಇವತ್ತಿನ ಕೋಪಕ್ಕೆ ಕಾರಣ: ಈ ನೋಟ್‌ಬುಕ್.

ಆಗಸ್ಟ್ 21, ಬುಧವಾರ. 149/86

ನಿಜವಾದ ಕಾರಣ ಬರೆದುಬಿಡುತ್ತೇನೆ. ಪೆಲ್ಟನ್ ಮತ್ತು ಓಡಮ್.

ಇಬ್ಬರೂ ಫುಟ್‌ಬಾಲಿನ ರಿಸೀವರ್‌ಗಳು. ದೂರ ಓಡಿ, ಎಸೆದ ಚೆಂಡು ಹಿಡಿಯುವವರು. ಪೆಲ್ಟನ್‌ಗೆ ಮೂವತ್ತೊಂದು. ಓಟ ನಿಧಾನ, ಆದರೆ ಕೈಗೆ ಬಂದದ್ದು ಬಿಟ್ಟವನಲ್ಲ. ಓಡಮ್‌ಗೆ ಇಪ್ಪತ್ತಮೂರು. ಹಾರುತ್ತಾನೆ. ಒಂದು ವಾರ ಮೂವತ್ತು ಪಾಯಿಂಟು ತರುತ್ತಾನೆ, ಮುಂದಿನ ವಾರ ಮೂರು. ಇಬ್ಬರಲ್ಲಿ ಒಬ್ಬ ಮಾತ್ರ ನನಗೆ ಸಿಗುವುದು.

ಮೂವತ್ತೊಂದನೇ ತಾರೀಕು ಡ್ರಾಫ್ಟ್. ಬೆವ್‌ಳ ಬಾರಿನ ಹಿಂದಿನ ಕೋಣೆ. ಹನ್ನೆರಡು ಕುರ್ಚಿ. ಗೋಡೆಗೆ ಹಲಗೆ, ಹೆಸರು ಬರೆದ ಸ್ಟಿಕ್ಕರ್‌ಗಳು. ಸರದಿಯ ಮೇಲೆ ಒಬ್ಬೊಬ್ಬ ಆಟಗಾರನನ್ನು ಆರಿಸಿ ಹಚ್ಚುವುದು. ಒಬ್ಬರು ಹಚ್ಚಿದವನು ಇನ್ನೊಬ್ಬರಿಗಿಲ್ಲ. ಅವನು ಮೈದಾನದಲ್ಲಿ ಓಡಿದಷ್ಟೂ ನಮ್ಮ ಕಾಗದದ ಟೀಮಿಗೆ ಪಾಯಿಂಟು. ಪೇಪರ್ ಮಿಲ್ಲಿನ ಮೂರನೇ ಪಾಳಿಯವರು ಶುರು ಮಾಡಿದ ಲೀಗ್. ಮಿಲ್ಲು ಮುಚ್ಚಿ ಹದಿನೈದು ವರ್ಷವಾಯಿತು. ಲೀಗು ಮುಚ್ಚಲಿಲ್ಲ. ನನ್ನ ಗಂಡ ಗಾರ್ಡಿ ತೀರಿಹೋದ ಮೇಲೆ ಅವನ ಕುರ್ಚಿಯಲ್ಲಿ ನಾನು ಕೂತೆ. ಹೆಂಡತಿಗೆ ಕೊಡಬಹುದೋ ಇಲ್ಲವೋ ಎಂದು ಮೂರು ವಾರ ಚರ್ಚೆ ಮಾಡಿದ್ದರು. ಕೊಡದೆ ಇದ್ದರೆ ಹಲಗೆ ಮುರಿಯುತ್ತೇನೆ ಎಂದೆ. ಕೊಟ್ಟರು. ಇದು ಆರನೇ ವರ್ಷ.

ಕಳೆದ ವರ್ಷ ನಾನು ಕಡೇ ಸ್ಥಾನ. ಸತತ ಎರಡು ವರ್ಷ ಕಡೇ ಬಂದವರು ಕುರ್ಚಿ ಬಿಡಬೇಕು. ರೂಲು ಗಾರ್ಡಿಯೇ ಮಾಡಿದ್ದು, ಯಾರೋ ಸೋಮಾರಿಯನ್ನು ಓಡಿಸಲು. ಈಗ ಕುರ್ಚಿಗೆ ಬಾಯಿ ಬಿಟ್ಟುಕೊಂಡು ಕಾಯುತ್ತಿರುವವನು ಬ್ರೆಂಟ್. ಗಾರ್ಡಿಯ ತಮ್ಮ ಮರ್ಲ್‌ನ ಅಳಿಯ.

ಕುರ್ಚಿ ಹೋದರೆ ಭಾನುವಾರಗಳಲ್ಲಿ ನಾನು ಏನು ಮಾಡಲಿ? ಗೋಡೆಯ ಹತ್ತಿರ ಮಾತಾಡಲೇ?

ಆಗಸ್ಟ್ 25, ಭಾನುವಾರ. 146/84

ಚರ್ಚ್ ಮುಗಿಸಿ ಮರ್ಲ್ ಬಂದ. ಒಂದು ಚೀಲ ಜೋಳದ ತೆನೆ ತಂದಿದ್ದ. ಹ್ಯಾಮ್, ಆಲೂಗಡ್ಡೆ ಸಲಾಡ್ ಹಾಕಿಕೊಟ್ಟೆ. ಎರಡು ಸಲ ಹಾಕಿಸಿಕೊಂಡ.

"ಯಾರನ್ನ ಹಚ್ತೀಯ?"

"ನಿಂಗ್ಯಾಕೆ? ನಂದು ಆರನೇ ಸರದಿ, ನಿಂದು ಏಳು. ಪಕ್ಕದವ್ರ ತಟ್ಟೆಗೆ ಇಣುಕಬೇಡ."

"ನಾನೇನು ಬಾಯಿ ಬಿಡ್ತೀನಾ? ನೀನು ಬಂದ ಮೊದಲ್ನೇ ವರ್ಷ ಒಂದು ಮಾತು ಹೇಳಿದ್ದಕ್ಕೆ ಸಾಸಿವೆ ಬಾಟ್ಲಿ ಎಸೆದಿದ್ದೆ."

"ಬಾಟ್ಲಿ ಅಲ್ಲ. ಮುಚ್ಚಳ."

"ಬಾಟ್ಲಿ ಕಣೇ! ಕೋಟಿನ ಮೇಲೆ ಕಲೆ ಇನ್ನೂ ಇದೆ. ತಂದು ತೋರಿಸ್ಲಾ?"

ನಿಜ. ಎಸೆದಿದ್ದೆ. ನನ್ನ ಆಯ್ಕೆಯಲ್ಲಿ ಇನ್ನೊಮ್ಮೆ ಬಾಯಿ ಹಾಕಿದರೆ ನೋಡು ಎಂದಿದ್ದೆ. ಅಲ್ಲಿಂದ ಹಾಕಿಲ್ಲ.

"ಬ್ರೆಂಟ್ ಕುರ್ಚಿಗೆ ಮೆತ್ತೆ ತಗೊಂಡಿದಾನಂತೆ" ಎಂದು ಕಣ್ಣು ಮಿಟುಕಿಸಿದ.

"ಮೆತ್ತೆ ಒಳಗೆ ಮೊಳೆ ಇಡ್ತೀನಿ ಅಂತ ಹೇಳು ಅವ್ನಿಗೆ."

ಕೆಮ್ಮು ಬರುವಷ್ಟು ನಕ್ಕ. ಹೋಗುವಾಗ ಸೂರಿನ ನೀರು ಇಳಿಯುವ ದೋಣಿಯಲ್ಲಿ ಕಟ್ಟಿದ್ದ ಎಲೆ ತೆಗೆದುಹೋದ. ಕೇಳಿರಲಿಲ್ಲ ನಾನು. ಹಿಮ ಬಿದ್ದಾಗಲೂ ಹೀಗೆಯೇ, ನಾನು ಏಳುವ ಮೊದಲೇ ಬಾಗಿಲ ಮುಂದೆ ಗೋರಿ ತೆಗೆದಿರುತ್ತಾನೆ. ಗಾರ್ಡಿಯ ಕಡೆಯವರು ಎಂದು ಈಗ ಉಳಿದಿರುವುದು ಇವನೊಬ್ಬ.

ಆಗಸ್ಟ್ 30, ಶುಕ್ರವಾರ. 144/84

ಬೆವ್‌ಳ ಬಾರಿನಲ್ಲಿ ಕರಿದ ಮೀನು ತಿಂದು ಬಂದೆ. ತೀರ್ಮಾನ ಮಾಡಿದ್ದೇನೆ. ಪೆಲ್ಟನ್. ನನಗೆ ಗೆಲ್ಲಬೇಕಿಲ್ಲ. ಕಡೇ ಬರಬಾರದು, ಅಷ್ಟೇ. ಪ್ರತಿ ವಾರ ಹನ್ನೆರಡು ಪಾಯಿಂಟು ತರುವ ಮುದುಕ ಸಾಕು.

ಪೆಲ್ಟನ್. ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಇನ್ನು ಯೋಚನೆ ಇಲ್ಲ.

ಆಗಸ್ಟ್ 31, ಶನಿವಾರ. ಸಂಜೆ 6. 176/98

ಯಂತ್ರ ಕೆಟ್ಟಿದೆಯೇನೋ ಎಂದು ಎರಡು ಸಲ ನೋಡಿದೆ. ಕೆಟ್ಟಿಲ್ಲ.

ಆದದ್ದನ್ನು ಆದಂತೆ ಬರೆಯುತ್ತೇನೆ.

ಒಂದು ಗಂಟೆಗೆ ಶುರು. ಎಲ್ಲರ ಫೋನೂ ಆಫ್ ಮಾಡಿ ಐಸ್‌ಕ್ರೀಮ್ ಬಕೆಟ್ಟಿಗೆ. ಮುಚ್ಚಳ ಹಾಕಿ ಎಲ್ರಾಯ್ ತನ್ನ ಕುರ್ಚಿಯ ಕೆಳಗೆ ಇಟ್ಟುಕೊಂಡ. ಎಲ್ರಾಯ್ ಮಿಲ್ಲಿನಲ್ಲಿ ಕ್ರೇನ್ ನಡೆಸುತ್ತಿದ್ದವನು, ಲೀಗಿಗೆ ಅವನೇ ಯಜಮಾನ. ಕಡೇ ಸ್ಟಿಕ್ಕರ್ ಹಚ್ಚುವವರೆಗೆ ಹೊರಗಿನ ಸುದ್ದಿ ಒಳಗೆ ಬರಕೂಡದು. ಹಚ್ಚಿದ್ದು ಹಚ್ಚಿದ್ದೇ, ಕೀಳುವಂತಿಲ್ಲ. ಇವೂ ಗಾರ್ಡಿಯ ಕಾಲದ ರೂಲುಗಳು.

ಮೊದಲ ನಾಲ್ವರು ನಾನು ಎಣಿಸಿದವರನ್ನೇ ಹಚ್ಚಿದರು. ಐದನೆಯವನು ಗಡ್ಡ ಕೆರೆಯುತ್ತಾ ಕೂತ. ಇಪ್ಪತ್ತು ನಿಮಿಷ. "ಅದೇನು ಹೆಣ್ಣು ನೋಡೋಕ್ ಬಂದಿದೀಯೇನೋ, ಹಚ್ಚೋ!" ಎಂದು ಎಲ್ಲರೂ ಕೂಗು. ಪಾನೀಯಕ್ಕೆ ಐಸ್ ಮುಗಿಯಿತು. ಮರ್ಲ್ ತನ್ನ ಟ್ರಕ್ಕಿಗೆ ಹೋಗಿ ಎರಡು ಚೀಲ ತಂದ. ನಾನು ತಲೆ ಎತ್ತಲಿಲ್ಲ. ತೊಡೆಯ ಮೇಲೆ ಎರಡೂ ಸ್ಟಿಕ್ಕರ್. ಪೆಲ್ಟನ್‌ನ ಅಂಚನ್ನು ಉಗುರಿನಿಂದ ಎಬ್ಬಿಸಿಯೂ ಇದ್ದೆ.

ಆ ಗಲಾಟೆಯ ನಡುವೆ ಯಾವಾಗಲೋ, ಬೆನ್ನ ಹಿಂದೆ—

"ಗಾರ್ಡಿ ಇದ್ದಿದ್ರೆ ಹುಡುಗನ್ನೇ ಹಿಡೀತಿದ್ದ."

ಮರ್ಲ್‌ನ ದನಿ. ಅಷ್ಟು ವರ್ಷ ತುಟಿ ಬಿಚ್ಚದವನು. ಬೇರೆ ಏನು ಹೇಳಿದ್ದರೂ ಬಯ್ಯುತ್ತಿದ್ದೆ. ಆದರೆ ಆ ಕೋಣೆಯಲ್ಲಿ ಗಾರ್ಡಿಯ ಹೆಸರು ಯಾರೂ ಎತ್ತುವುದಿಲ್ಲ. ನನಗೆ ನೋವಾಗುತ್ತದೆ ಎಂದುಕೊಂಡಿದ್ದಾರೆ, ಪೆದ್ದರು. ಹೆಸರು ಕಿವಿಗೆ ಬಿದ್ದದ್ದೇ, ನಾನು ಎಪ್ಪತ್ನಾಲ್ಕರ ಮುದುಕಿ ಕರಗಿಹೋದೆ. ಹೌದು, ಗಾರ್ಡಿ ಯಾವತ್ತೂ ಓಡುವ ಕುದುರೆಯನ್ನೇ ಹಿಡಿದವನು. ನನ್ನನ್ನೂ ಸೇರಿಸಿ.

ಎದ್ದು ಹೋಗಿ ಓಡಮ್‌ನನ್ನು ಹಚ್ಚಿದೆ. ಅಂಗೈಯಿಂದ ಒತ್ತಿದೆ.

ಮರ್ಲ್ ಎದ್ದ. ಪೆಲ್ಟನ್‌ನನ್ನು ಹಚ್ಚಿದ.

ನಾಲ್ಕೂವರೆಗೆ ಮುಗಿಯಿತು. ಎಲ್ರಾಯ್ ಬಕೆಟ್ ತೆರೆದ. ಆನ್ ಮಾಡಿದ್ದೇ ಹನ್ನೆರಡು ಫೋನೂ ಒಟ್ಟಿಗೆ ಗುಂಯ್ ಎಂದವು. ಮೊದಲು ಎತ್ತಿಕೊಂಡವನು ಓದಿ ನನ್ನ ಕಡೆ ನೋಡಿದ. ಎರಡನೆಯವನೂ ನನ್ನ ಕಡೆಯೇ ನೋಡಿದ.

"ಏನ್ರೋ? ನನ್ನ ಮುಖದ ಮೇಲೆ ಕೆಚಪ್ ಇದೆಯಾ?"

ಎಲ್ರಾಯ್ ಓದಿದ. ಮೆಲ್ಲಗೆ, ಚರ್ಚಿನಲ್ಲಿ ಓದುವ ಹಾಗೆ. ಬೆಳಗಿನ ಪ್ರಾಕ್ಟೀಸಿನಲ್ಲಿ ಓಡಮ್‌ನ ಪಾದದ ಮೂಳೆ ಮುರಿದಿದೆ. ಆಪರೇಷನ್. ಈ ವರ್ಷ ಪೂರ್ತಿ ಆಟವಿಲ್ಲ. ಸುದ್ದಿ ಬಂದದ್ದು ಒಂದೂ ಹತ್ತಕ್ಕೆ. ನಾವು ಫೋನು ಮುಚ್ಚಿಟ್ಟ ಹತ್ತು ನಿಮಿಷಕ್ಕೆ.

ಯಾರೋ ನಕ್ಕರು. ಅರ್ಧಕ್ಕೆ ನಿಲ್ಲಿಸಿದರು.

ಹಲಗೆ ನೋಡುತ್ತಾ ನಿಂತೆ. ಓಡಮ್. ನನ್ನ ಬೆರಳಿನ ಎಣ್ಣೆಯ ಗುರುತು ಕೂಡ ಇತ್ತು. ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ನನ್ನ ಬಾಯಿಂದ! ಎಲ್ರಾಯ್ ಹೆದರಿ ನೀರು ತಂದುಕೊಟ್ಟ.

"ಛೇ. ಗ್ರಹಚಾರ ಕಣೇ" ಎಂದ ಮರ್ಲ್. ಊಟಕ್ಕೆಂದು ನಾನು ಒಯ್ದಿದ್ದ ಬೀನ್ಸ್ ಪಾತ್ರೆಯನ್ನು ಕಾರಿನವರೆಗೆ ಹೊತ್ತು ತಂದ.

ಸೆಪ್ಟೆಂಬರ್ 1, ಭಾನುವಾರ. 171/96

ಚರ್ಚಿಗೆ ಹೋಗಲಿಲ್ಲ. ಮೊದಲ ಆಯ್ಕೆಯೇ ಹೋಯಿತೆಂದರೆ ಕಡೇ ಸ್ಥಾನ ಬರೆದಿಟ್ಟ ಹಾಗೆ. ಇನ್ನೂ ನಂಬಲು ಆಗುತ್ತಿಲ್ಲ.

ಆ ಹುಡುಗನಿಗೂ ನೋವಾಗಿರುತ್ತದೆ ಎಂದು ಹೊಳೆದದ್ದು ಮಧ್ಯಾಹ್ನ. ನಾಚಿಕೆಯಾಯಿತು. ಸ್ವಲ್ಪ.

ಸೆಪ್ಟೆಂಬರ್ 2, ಸೋಮವಾರ. ಮಧ್ಯಾಹ್ನ 2. ಬಿ.ಪಿ. ನೋಡಿಲ್ಲ. ನೋಡುವುದೂ ಇಲ್ಲ.

ಕನ್ನಡಕ ಬಾರಿನಲ್ಲಿ ಬಿಟ್ಟಿದ್ದೆ. ತರಲು ಹೋದೆ. ಬೆವ್ ಗ್ಲಾಸು ಒರೆಸುತ್ತಿದ್ದಳು.

"ಮರ್ಲ್‌ಗೂ ಬೇಜಾರಾಗಿರ್ಬೇಕು ಪಾಪ. ಟ್ರಕ್ ಹತ್ರ ಸುದ್ದಿ ಕೇಳಿ ಮುಖ ಹೆಂಗಾಗಿತ್ತು ಅಂತೀಯ."

"ಏನು ಸುದ್ದಿ?"

"ಓಡಮ್‌ದು. ಐಸ್ ತಗೊಳ್ಳೋಕೆ ಬಂದಿದ್ನಲ್ಲ. ಅವ್ನಿಗೆ ಕಿವಿ ಮಂದ, ಊರಿಗೆಲ್ಲ ಕೇಳೋ ಹಾಗೆ ರೇಡಿಯೋ ಹಾಕ್ತಾನೆ. ನಾನು ಕಸ ಚೆಲ್ಲೋಕೆ ಹೋಗಿದ್ದೆ. ಓಡಮ್ ಪಾದ, ಓಡಮ್ ಪಾದ ಅಂತ ರೇಡಿಯೋದವನು ಬಾಯಿ ಬಡ್ಕೊಳ್ತಿದ್ದ. ಮರ್ಲ್ ಚೀಲ ಹಿಡ್ಕೊಂಡು ಕಂಬದ ಹಾಗೆ ನಿಂತ್ಬಿಟ್ಟಿದ್ದ…" ನನ್ನ ಮುಖ ನೋಡಿದಳು. "ಆರ್ಲಿಸ್? ನಿಂಗೆ ಗೊತ್ತಿರ್ಲಿಲ್ವಾ?"

"ನೀನ್ಯಾಕೆ ಒಳಗೆ ಬಂದು ಹೇಳ್ಲಿಲ್ಲ?"

"ಹೊರಗಿನ ಸುದ್ದಿ ಒಳಗೆ ತರಲ್ಲ ಅಂತ ನಿನ್ ಗಂಡ ನನ್ ಹತ್ರಾನೂ ಆಣೆ ಹಾಕಿಸಿದ್ನಲ್ಲೇ!"

ಮರ್ಲ್‌ಗೆ ಗೊತ್ತಿತ್ತು. ನಾನು ಹಚ್ಚುವಾಗ ಅವನಿಗೆ ಗೊತ್ತಿತ್ತು. ಪಾತ್ರೆ ಹೊತ್ತು ತರುವಾಗ ಗೊತ್ತಿತ್ತು.

ಮನೆಗೆ ಬಂದ ಮೇಲೆ ನೋಡಿದರೆ ಕನ್ನಡಕ ಮತ್ತೆ ಅಲ್ಲೇ ಬಿಟ್ಟುಬಂದಿದ್ದೇನೆ.

ಸೆಪ್ಟೆಂಬರ್ 3, ಮಂಗಳವಾರ. 168/95

ಬೆಳಿಗ್ಗೆ ಮರ್ಲ್‌ನ ಅಂಗಳಕ್ಕೆ ಹೋದೆ. ದೋಣಿಯ ಮೋಟರನ್ನು ನೀರಿನ ಡ್ರಮ್ಮಿಗೆ ಇಳಿಬಿಟ್ಟು ಪರೀಕ್ಷೆ ಮಾಡುತ್ತಿದ್ದ.

"ರೇಡಿಯೋದಲ್ಲಿ ಕೇಳಿಸ್ಕೊಂಡಿದ್ಯಾ?"

ಕೈ ಒರೆಸಿಕೊಂಡ. "ಹೂಂ. ಕೇಳಿಸ್ತು."

"ಕೇಳಿಸ್ಕೊಂಡೂ ಸುಮ್ನೆ ಕೂತೆ?"

"ಹೇಳಬಾರ್ದು ಅಂತ ರೂಲ್ ಮಾಡಿದ್ದು ಗಾರ್ಡಿ. ಬಾಯಿ ಬಿಟ್ರೆ ಬಾಟ್ಲಿ ಎಸೆಯೋಳು ನೀನು. ನಾನು ಯಾರ ಮಾತು ಮೀರ್ಲಿ ಹೇಳು?"

ಅದೂ ಸರಿಯೇ. ತಿರುಗಿ ಹೊರಟವಳು ನಿಂತೆ.

"ಹುಡುಗನ್ನೇ ಹಿಡೀತಿದ್ದ ಅಂದ್ಯಲ್ಲ. ಯಾವಾಗ ಅಂದೆ? ಐಸ್ ತರೋಕೆ ಹೋಗೋ ಮೊದ್ಲಾ? ಬಂದ ಮೇಲಾ?"

ನನ್ನನ್ನೇ ನೋಡಿದ. ಗಾರ್ಡಿಯದೇ ಕಣ್ಣು ಅವನಿಗೆ. ಆಮೇಲೆ ಬಗ್ಗಿ ಮೋಟರಿನ ಹಗ್ಗ ಎಳೆದ. ಡ್ರಮ್ಮು ಗುಡುಗಿತು, ನೀರು ನನ್ನ ಬೂಟಿನ ಮೇಲೆ ಹಾರಿತು. ಕೂಗಿ ಕೇಳಿದೆ. ಕಿವಿ ತೋರಿಸಿದ, ಕೇಳಿಸುತ್ತಿಲ್ಲ ಎಂದು. ಮೋಟರ್ ಆರಿಸಲಿಲ್ಲ.

ಒದ್ದೆ ಬೂಟಿನಲ್ಲೇ ಮನೆಗೆ ಬಂದೆ.

ಮಧ್ಯಾಹ್ನ 3

ಎಲ್ರಾಯ್‌ಗೆ ಫೋನು ಮಾಡಿದೆ. ಎಲ್ಲಾ ಹೇಳಿದೆ.

"ಬದುಕಿದೀಯೇನೋ?"

"ಇದೀನಿ ತಾಯಿ. ನೋಡು, ಕೇಳಿ ಬಾಯಿ ಮುಚ್ಕೊಂಡಿದ್ರೆ ತಪ್ಪಿಲ್ಲ. ರೂಲೇ ಅದು. ಆದ್ರೆ ಕೇಳಿ ಬಂದು ನಿನ್ನನ್ನ ಓಡಮ್ ಕಡೆಗೆ ತಳ್ಳಿದ್ರೆ ಅದು ಮೋಸ. ಆಗ ಸ್ಟಿಕ್ಕರ್ ಕೀಳ್ತೀನಿ. ಪೆಲ್ಟನ್ ನಿಂಗೆ, ಓಡಮ್ ಅವ್ನಿಗೆ."

"ಕೋಣೇಲಿದ್ದ ಯಾರಿಗೂ ನೆನಪಿಲ್ವಾ?"

ಒಂದು ಗಂಟೆ ಬಿಟ್ಟು ಅವನೇ ಮಾಡಿದ. "ಮೂರು ಜನ ಮೊದ್ಲು ಅಂತಾರೆ. ಇಬ್ರು ಆಮೇಲೆ ಅಂತಾರೆ. ಉಳಿದವ್ರಿಗೆ ಸಾಸೇಜ್ ಒಂದೇ ನೆನಪಿರೋದು. ಮರ್ಲೇ ಹೇಳ್ಬೇಕು. ಅವ್ನ ಮಾತೇ ಕೊನೆ. ಗುರುವಾರ ಸಂಜೆ ಮೊದಲ್ನೇ ಮ್ಯಾಚು. ಚೆಂಡು ಎದ್ದ ಮೇಲೆ ನನ್ ಕೈಲಿ ಏನೂ ಇಲ್ಲ."

"ಅವ್ನು ಸುಳ್ಳು ಹೇಳಿದ್ರೆ?"

"ಗಾರ್ಡಿ ತಮ್ಮ ಕಣೇ ಅವ್ನು."

ಅದೇ. ಅದೇ ನನಗೆ ಅರಗುತ್ತಿಲ್ಲದ್ದು.

ಸೆಪ್ಟೆಂಬರ್ 4, ಬುಧವಾರ. ಬೆಳಿಗ್ಗೆ 6. 164/92

ಅವನ ಟಪಾಲು ಡಬ್ಬಿಗೆ ಚೀಟಿ ಹಾಕುತ್ತೇನೆ. ಬಾಯಲ್ಲಿ ಕೇಳಿದರೆ ಮೋಟರ್ ಶುರುವಾಗುತ್ತದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಒಳ್ಳೆಯ ಕಾಗದಕ್ಕೆ.

ಮರ್ಲ್,

ಪೆಲ್ಟನ್‌ಗಾಗಿ ಬರೆಯುತ್ತಿಲ್ಲ. ಅವನನ್ನು ನೀನೇ ಇಟ್ಟುಕೋ. ನೀನು ಏನೇ ಹೇಳಿದರೂ ಸ್ಟಿಕ್ಕರ್ ಕೀಳಬೇಡ ಎಂದು ನಿನ್ನೆ ರಾತ್ರಿಯೇ ಎಲ್ರಾಯ್‌ಗೆ ಹೇಳಿದ್ದೇನೆ. ಮುರಿದ ಕಾಲಿನವನನ್ನು ಇಟ್ಟುಕೊಂಡೇ ಆಡುತ್ತೇನೆ. ಕಡೇ ಬಂದರೆ ಬ್ರೆಂಟ್ ತನ್ನ ಮೆತ್ತೆ ತರಲಿ.

ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ ನಿನ್ನನ್ನು ಏನೂ ಅನ್ನುವುದಿಲ್ಲ. ನಿನ್ನ ಬಾಯಿಗೆ ಬೀಗ ಹಾಕಿದವಳು ನಾನೇ.

ಆದರೆ ಆ ಬೀಗ ತೆಗೆದದ್ದು ಯಾವಾಗ? ಹುಡುಗನ ಕಾಲು ಮುರಿದಿದೆ ಎಂದು ಗೊತ್ತಿದ್ದೂ, ನನ್ನ ಬೆನ್ನ ಹಿಂದೆ ನಿಂತು, ನಿನ್ನ ಅಣ್ಣನ ಹೆಸರು ಹೇಳಿದೆಯಾ?

ಐಸ್ ತರುವ ಮೊದಲೋ, ತಂದ ಮೇಲೋ. ಒಂದು ಪದ ಸಾಕು. ಫೋನಿನಲ್ಲಿ ಬೇಡ. ಅಳಿಯನ ಕೈಲಿ ಹೇಳಿಕಳಿಸಬೇಡ. ನನ್ನ ಅಡುಗೆಮನೆಗೆ ಬಂದು ನನ್ನ ಮುಖ ನೋಡಿ ಹೇಳು. ನಾಳೆ ಗುರುವಾರ, ಐದನೇ ತಾರೀಕು, ಸಂಜೆ ಆರು ಗಂಟೆಯೊಳಗೆ ನನಗೆ ಉತ್ತರ ಬೇಕು.