ನಿನ್ನಮ್ಮನ ಕಲ್ಲಿಗೆ ಯಾವ ಚಿತ್ರ

ವಲ್ಪರಾಯ್ಸೊ
೧೪ ಜೂನ್ ೧೯೯೮, ಭಾನುವಾರ

ಪ್ರೀತಿಯ ಮಗಳು ರೋಸಾಲ್ಬಾಳಿಗೆ ನಿನ್ನಪ್ಪನ ಮುತ್ತುಗಳು.

ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯದ್ದಕ್ಕೆ ಕೈನೋವು ಅನ್ನಬಹುದಿತ್ತು, ಚಳಿ ಅನ್ನಬಹುದಿತ್ತು. ಆದರೆ ನಿನ್ನಮ್ಮನ ಎದುರು ಸುಳ್ಳು ಹೇಳಿ ನಾನು ಒಂದು ದಿನವೂ ದಕ್ಕಿಸಿಕೊಂಡವನಲ್ಲ, ನೀನೋ ಅವಳ ಪಡಿಯಚ್ಚು. ಆದ್ದರಿಂದ ನಿಜವನ್ನೇ ಬರೆಯುತ್ತೇನೆ. ಸಿಟ್ಟು ಬಂದಿತ್ತು. ನಿನ್ನ ಕಾಗದವನ್ನು ಸಕ್ಕರೆ ಡಬ್ಬಿಯ ಕೆಳಗಿಟ್ಟು, ದಿನಾ ಸಂಜೆ ಚಹಾಕ್ಕೆ ಕೂತಾಗ ಮುಖ ಊದಿಸಿಕೊಂಡು ಅದನ್ನೇ ನೋಡುತ್ತಿದ್ದೆ. ಇದಕ್ಕೆಲ್ಲ ಕ್ಷಮೆ ಇರಲಿ.

ನನ್ನ ಆರೋಗ್ಯ ಪರವಾಗಿಲ್ಲ. ಗುಡ್ಡದ ಲಿಫ್ಟು ಮತ್ತೆ ಕೆಟ್ಟಿದೆ, ಮೆಟ್ಟಿಲು ಹತ್ತಿ ಹತ್ತಿ ಮಂಡಿ ಸವೆದಿದೆ. ಪೆಟ್ಟಿಗೆ ಕ್ಯಾಮೆರಾವನ್ನು ಈಗ ಹೊತ್ತು ತರುವುದಿಲ್ಲ, ಕಡಲೆಕಾಯಿ ಮಾರುವ ಇಸ್ಮೇನಿಯಾಳ ಗಾಡಿಯ ಜೊತೆಗೇ ಕೆಳಗೆ ಬಿಟ್ಟು ಬರುತ್ತೇನೆ. ಗುರುವಾರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ನಮ್ಮವರಿಗೆ ಇಟಲಿಯ ಜೊತೆ ಪಂದ್ಯವಿತ್ತಲ್ಲ, ಪ್ಲಾಸಾ ಚೌಕದಲ್ಲಿ ನರಪಿಳ್ಳೆ ಇರಲಿಲ್ಲ. ಪಾರಿವಾಳಗಳು, ನಾನು, ಇಸ್ಮೇನಿಯಾ, ಅವಳ ರೇಡಿಯೋ. ನಿನ್ನ ಗಂಡ ಪಂದ್ಯ ಸಮವಾಯಿತೆಂದು ಕುಣಿದನೋ ಅತ್ತನೋ ಬರಿ.

ಈಗ ಕಲ್ಲಿನ ವಿಷಯ. ಜುಲೈ ಇಪ್ಪತ್ತಾರಕ್ಕೆ ಚರ್ಚಿನಲ್ಲಿ ನಿನ್ನಮ್ಮನ ವರ್ಷದ ಬಲಿಪೂಜೆ. ಅಷ್ಟರೊಳಗೆ ಸಮಾಧಿಯ ಕಲ್ಲು ಕೂರಬೇಕು, ಕಲ್ಲಿನ ಮೇಲೆ ಪಿಂಗಾಣಿಯ ಚಿತ್ರ ಕೂರಬೇಕು. ನಿಮ್ಮೂರಿನ ಪಿಂಗಾಣಿಯವನು ನಾಲ್ಕು ವಾರ ಕೇಳುತ್ತಾನೆ. ಮಗ್ದಾ ತೆಗೆದ ಚಿತ್ರವನ್ನೇ ಹಾಕಿಸೋಣ ಎಂದು ನೀನು ಬರೆದಿದ್ದೀಯ. “ನಿನಗೆ ಬೇಜಾರಾಗಲ್ಲ ತಾನೇ ಅಪ್ಪಾ” ಎಂದು ಬೇರೆ ಕೇಳಿದ್ದೀಯ.

ಬೇಜಾರಾಗದೆ ಇನ್ನೇನು ಆಗಬೇಕಿತ್ತು? ಮೂವತ್ತೇಳು ವರ್ಷ ಅದೇ ಪ್ಲಾಸಾದಲ್ಲಿ ನಿಂತವನು ನಾನು. ಈ ಊರಿನ ಅರ್ಧ ಜನರ ಗುರುತಿನ ಚೀಟಿಯಲ್ಲಿರುವ ಮುಖ ನನ್ನ ಪೆಟ್ಟಿಗೆಯೊಳಗೆ ತೊಳೆದು ಬಂದದ್ದು. ಮದುವೆಯಾದ ವರ್ಷದಿಂದ ಅವಳ ಕೊನೆಯ ಅಕ್ಟೋಬರಿನ ತನಕ, ಪ್ರತಿ ಮದುವೆ ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಅದೇ ಸ್ಟೂಲಿನ ಮೇಲೆ ನನ್ನ ಹೆಂಡತಿ ಎದೆಲ್ಮೀರಾಳನ್ನು ಕೂರಿಸಿ ಚಿತ್ರ ತೆಗೆದಿದ್ದೇನೆ. ಮೂವತ್ತನಾಲ್ಕು. ಎಲ್ಲವೂ ಊಟದ ಕೋಣೆಯ ಗೋಡೆಯ ಮೇಲಿವೆ, ಅವನ್ನು ನೋಡುತ್ತಲೇ ನೀನು ಅನ್ನ ಉಂಡು ಬೆಳೆದೆ. ಕಲ್ಲಿಗೊಂದು ಚಿತ್ರ ಬೇಕು ಅಂದಾಗ ನಿನ್ನ ಕೈ ಆ ಮೂವತ್ತನಾಲ್ಕನ್ನೂ ದಾಟಿ ಒಬ್ಬ ಹೊರಗಿನ ಹುಡುಗಿಯ ಚಿತ್ರಕ್ಕೆ ಹೋಯಿತು.

ಹೊಟ್ಟೆಕಿಚ್ಚು ಮಗಳೇ. ಅದಕ್ಕೆ ಬೇರೆ ಹೆಸರಿಟ್ಟು ಏನು ಪ್ರಯೋಜನ.

ಆ ಮಗ್ದಾ ಪ್ಲಾಸಾಕ್ಕೆ ಮೊದಲು ಬಂದದ್ದು ಹೋದ ವರ್ಷಕ್ಕೂ ಹಿಂದಿನ ಸೆಪ್ಟೆಂಬರಿನಲ್ಲಿ. ಗಂಡುಹುಡುಗರ ಹಾಗೆ ಕತ್ತರಿಸಿದ ಕೂದಲು, ಕೈಯಲ್ಲಿ ಅಂಗೈಯಗಲದ ಕ್ಯಾಮೆರಾ, ಅದರ ಹೊಳೆಯುವ ಜಾಗಕ್ಕೆಲ್ಲ ಕಪ್ಪು ಪಟ್ಟಿ ಅಂಟಿಸಿಕೊಂಡಿದ್ದಳು. ಮೊದಲ ಎರಡು ವಾರ ಅವಳು ಒಂದು ಚಿತ್ರವನ್ನೂ ತೆಗೆಯಲಿಲ್ಲ. ಬೆಂಚಿನ ಮೇಲೆ ಕೂತು ಇಸ್ಮೇನಿಯಾಳ ಜೊತೆ ಹರಟುತ್ತಿದ್ದಳು, ಕಡಲೆಕಾಯಿ ತಿನ್ನುತ್ತಿದ್ದಳು, ಸಿಪ್ಪೆಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಕೆಲಸವಿಲ್ಲದ ಶ್ರೀಮಂತರ ಮಗಳು ಅಂದುಕೊಂಡೆ. ಜನಕ್ಕೆ ಅವಳು ಬೆಂಚಿನಷ್ಟೇ ರೂಢಿಯಾಗುವ ತನಕ ಕಾಯುತ್ತಿದ್ದಾಳೆ ಅನ್ನುವುದು ನನಗೆ ಹೊಳೆಯಲಿಲ್ಲ.

ನನ್ನ ಕೆಲಸ ನಿನಗೆ ಗೊತ್ತು. ಗಿರಾಕಿ ಬರುತ್ತಾನೆ, ಪೆಟ್ಟಿಗೆಗೆ ಹೊಡೆದಿರುವ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಾನೆ, ಸ್ಟೂಲಿನ ಮೇಲೆ ಕೂರುತ್ತಾನೆ. ನಾನು ಕಪ್ಪು ಬಟ್ಟೆಯೊಳಗೆ ತಲೆ ಹಾಕುತ್ತೇನೆ. “ಅಲ್ಲಾಡ್ಬೇಡಿ, ಗದ್ದ ಮೇಲೆ, ಉಸಿರು ಬಿಡ್ಬೇಡಿ.” ಲೆನ್ಸಿನ ಮುಚ್ಚಳ ತೆಗೆದು ಮೂರು ಎಣಿಸಿ ಮುಚ್ಚುತ್ತೇನೆ. “ಆಯ್ತು” ಅನ್ನುತ್ತೇನೆ. ಆಮೇಲೆ ಕಾಗದ ತೊಳೆಯಲು ಮತ್ತೆ ಬಟ್ಟೆಯೊಳಗೆ.

ಆ “ಆಯ್ತು” ಅಂದ ಮೇಲೆ ಗಿರಾಕಿ ಏನು ಮಾಡುತ್ತಾನೆಂದು ನಾನು ಎಂದೂ ನೋಡಿದವನಲ್ಲ. ಮಗ್ದಾ ನೋಡಿದ್ದು ಅದನ್ನೇ. ತಡೆದ ಉಸಿರು ಹೊರಗೆ ಬರುತ್ತದೆ, ಭುಜ ಇಳಿಯುತ್ತದೆ, ಮುಖ ತನ್ನ ಜಾಗಕ್ಕೆ ವಾಪಸು ಬರುತ್ತದೆ. ಆಗ ಬೆಂಚಿನ ಕಡೆಯಿಂದ ಅವಳ ಕ್ಯಾಮೆರಾದ, ಚಿಟಿಕೆ ಹೊಡೆದಂಥ ಒಂದು ಸಣ್ಣ ಸದ್ದು. ಮೂರ್ನಾಲ್ಕು ದಿನ ಕೇಳಿ ಒಮ್ಮೆ ಅವಳನ್ನು ತಡವಿಕೊಂಡೆ.

“ಏನಮ್ಮಾ, ನನ್ನ ಗಿರಾಕಿಗಳನ್ನ ಕದೀತಿದೀಯಾ?”

“ಇಲ್ಲ ದೊನ್ ನಿಬಾಲ್ದೊ. ನಿಮ್ಮ ಕೆಲಸ ಮುಗಿದ್ಮೇಲೆ ತಾನೇ ನಾನು ಶುರು ಮಾಡೋದು?”

“ಹಾಗಾದ್ರೆ ಬಿಗಿ ಮಾಡೋ ಕಷ್ಟ ನಂದು, ಸಡಿಲ ಆದದ್ದು ನಿಂದು.”

“ಹೂಂ ಮತ್ತೆ. ನೀವಿಲ್ದಿದ್ರೆ ನನಗೇನೂ ಸಿಗಲ್ಲ” ಎಂದು ಕಡಲೆಕಾಯಿ ಪೊಟ್ಟಣ ಮುಂದೆ ಹಿಡಿದಳು. ನಾಚಿಕೆಯಿಲ್ಲದೆ ನಾನೂ ಎರಡು ತಿಂದೆ.

ಈಸ್ಟರಿಗೆ ನೀನು ಬಂದಾಗ ಅವಳ ಪ್ರದರ್ಶನಕ್ಕೆ ನನ್ನ ತೋಳು ಹಿಡಿದು ಕರೆದುಕೊಂಡು ಹೋದೆಯಲ್ಲ. ಅವತ್ತು ನಾನು ಬಾಯಿ ಬಿಡಲಿಲ್ಲ, ಶೀತ ಅಂದೆ. ಇವತ್ತು ಹೇಳುತ್ತೇನೆ. ತಪ್ಪು ಹುಡುಕಲೆಂದೇ ಒಳಗೆ ಹೋಗಿದ್ದೆ. ಕನ್ನಡಕ ಒರೆಸಿಕೊಂಡು ಒಂದೊಂದರ ಮುಂದೂ ನಿಂತೆ. ಫ್ಲ್ಯಾಷ್ ಇಲ್ಲ. ಬೆಳಕೆಲ್ಲ ಪಕ್ಕದಿಂದ, ಮರದ ನೆರಳು ಮುಗಿಯುವ ಅಂಚಿನಲ್ಲಿ. ಆ ಅಂಚು ಯಾವ ಹೊತ್ತಿಗೆ ಎಲ್ಲಿ ಬರುತ್ತದೆಂದು ತಿಳಿಯಲು ನನಗೆ ಏಳು ವರ್ಷ ಹಿಡಿದಿತ್ತು, ಅವಳು ಎರಡು ವಾರದಲ್ಲಿ ಕಲಿತಿದ್ದಳು. ಬಾಡಿಗೆ ಟೈ ಕಟ್ಟಿಕೊಂಡ ಮೀನುಗಾರ ಅದರ ತುದಿಯನ್ನು ಮೂಸಿ ನೋಡುತ್ತಿದ್ದಾನೆ. ಮದುಮಗಳು ಒಂದು ಶೂ ಕಳಚಿ ಹಿಮ್ಮಡಿ ಒತ್ತಿಕೊಳ್ಳುತ್ತಿದ್ದಾಳೆ, ಅತ್ತೆ ಪಕ್ಕದಲ್ಲಿ ಮುಖ ತಿರುಗಿಸಿ ಆಕಳಿಸುತ್ತಿದ್ದಾಳೆ. ಯಾರನ್ನೂ ಗೇಲಿ ಮಾಡಿಲ್ಲ, ಅದು ನೋಡು ಕಷ್ಟ. ಮೈಮರೆತವರ ಚಿತ್ರ ತೆಗೆಯುವಾಗ ಅವರನ್ನು ನಗೆಪಾಟಲು ಮಾಡುವುದು ಬಹಳ ಸುಲಭ. ಅವಳು ಒಂದು ಗಳಿಗೆ ಮೊದಲು ಒತ್ತಿದ್ದರೆ ಅವರೆಲ್ಲ ನನ್ನವರಾಗಿರುತ್ತಿದ್ದರು, ಒಂದು ಗಳಿಗೆ ತಡ ಮಾಡಿದ್ದರೆ ಅವಳನ್ನು ಕಂಡು ಮತ್ತೆ ಬಿಗಿಯಾಗುತ್ತಿದ್ದರು. ನಡುವೆ ಅಷ್ಟೇ ಜಾಗವಿತ್ತು.

ಆಮೇಲೆ ಕಿಟಕಿಯ ಪಕ್ಕದ ಗೋಡೆಗೆ ಬಂದೆವು.

ನಿನ್ನಮ್ಮ ನನ್ನ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿದ್ದಾಳೆ. ಅಂಗೈಯಿಂದ ಅರ್ಧ ಬಾಯಿ ಮುಚ್ಚಿಕೊಂಡಿದ್ದಾಳೆ, ಆದರೂ ನಗು ಬೆರಳ ಸಂದಿಯಿಂದ ಬರುತ್ತಿದೆ. ಕಣ್ಣು ಪೂರ್ತಿ ಮುಚ್ಚಿಹೋಗಿದೆ. ಆ ಮುರಿದ ಹಲ್ಲು ಕಾಣುತ್ತಿದೆ, ನನ್ನ ಮೂವತ್ತನಾಲ್ಕರಲ್ಲಿ ಒಂದರಲ್ಲೂ ಕಾಣದ ಹಲ್ಲು. ನೀನು ಅಳಲು ಶುರು ಮಾಡಿ, ನಡುವೆ ನಕ್ಕು, “ಅಪ್ಪಾ, ಇವಳೇ ನೋಡು ಅಮ್ಮ” ಅಂದೆ. ಹಾಗಾದರೆ ನಮ್ಮ ಗೋಡೆಯ ಮೇಲಿರೋಳು ಯಾರು ಎಂದು ಕೇಳಬೇಕೆನ್ನಿಸಿತು. ಚಿತ್ರದ ಎಡ ಮೂಲೆಯಲ್ಲಿ ಕಪ್ಪು ಗುಡ್ಡೆಯ ಹಾಗೆ ಏನೋ ಇತ್ತು. ನೀನು ಗಮನಿಸಿರಲಿಕ್ಕಿಲ್ಲ. ಅದು ನಾನು, ಬಟ್ಟೆಯೊಳಗೆ.

ಆ ದಿನದಿಂದ ಒಂದೇ ಹುಳ ತಲೆ ಕೊರೆಯುತ್ತಿತ್ತು. ಯಾರನ್ನು ನೋಡಿ ನಕ್ಕಳು? ಆ ಬೇಸಿಗೆಯಿಡೀ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರು. ನನಗೆ ಹೇಳದ್ದೇನನ್ನು ಅವಳಿಗೆ ಹೇಳಿದಳು? ಗುರುವಾರ ಪ್ಲಾಸಾ ಖಾಲಿಯಿದ್ದಾಗ ಮಗ್ದಾ ಬಂದಳು. ಮರ್ಯಾದೆ ಬಿಟ್ಟು ಕೇಳಿಯೇಬಿಟ್ಟೆ.

“ಆ ಚಿತ್ರದಲ್ಲಿ ನನ್ನ ಹೆಂಡ್ತಿ ಯಾಕೆ ನಗ್ತಿದಾಳೆ? ನೀನೇನು ಹೇಳ್ದೆ ಅವಳಿಗೆ?”

“ನಾನೇನೂ ಹೇಳ್ಲಿಲ್ಲ. ನಿಮ್ಮನ್ನ ನೋಡಿ ನಗ್ತಿದ್ರು.”

“ನಾನೇನು ಮಾಡ್ದೆ?”

ಅವಳು ಇಸ್ಮೇನಿಯಾಳ ಮುಖ ನೋಡಿದಳು. ಇಸ್ಮೇನಿಯಾ ರೇಡಿಯೋದ ಸದ್ದು ಇಳಿಸಿ, “ಹೇಳಮ್ಮ, ಇನ್ನೇನು ಮುಚ್ಚಿಡೋದು” ಅಂದಳು.

“ನಿಮ್ಮ ಪ್ಯಾಂಟಿನ ಹಿಂದೆ ಹೊಲಿಗೆ ಬಿಟ್ಟಿತ್ತು ದೊನ್ ನಿಬಾಲ್ದೊ. ಬಟ್ಟೆಯೊಳಗೆ ತಲೆ ಹಾಕಿ, ಹಿಂದೆ ಅಷ್ಟನ್ನೂ ಊರಿಗೆ ತೋರಿಸ್ಕೊಂಡು, ‘ಘನತೆಯಿಂದ ಕೂತ್ಕೊಳ್ಳಿ ಸ್ವಾಮಿ’ ಅಂತ ಗಿರಾಕಿಗೆ ಹೇಳ್ತಿದ್ರಿ.”

“ಒಂದು ಮಾತು ಹೇಳೋದಲ್ವಾ ನನಗೆ?”

“ಹೇಳೋಣ ಅಂತ ಎದ್ದೆ. ದೊನ್ಯಾ ಎದೆಲ್ಮೀರಾ ನನ್ನ ಕೈ ಹಿಡಿದು ಕೂರಿಸಿದ್ರು. ‘ಸುಮ್ನಿರೇ, ಹೇಳಿದ್ರೆ ಈ ಕಡೆ ತಿರುಗ್ತಾನೆ, ತಿರುಗಿದ್ರೆ ಮುಖ ಗಂಟು ಹಾಕ್ಕೋತಾನೆ. ಇನ್ನೂ ಸ್ವಲ್ಪ ಹೊತ್ತು ಹೀಗೇ ನೋಡ್ತೀನಿ ಇವನನ್ನ’ ಅಂದ್ರು.”

ಇಸ್ಮೇನಿಯಾ ತನ್ನ ಏಪ್ರನ್ನಿನಿಂದ ಕಣ್ಣೊರೆಸಿಕೊಂಡಳು, ಅವಳಿಗೆ ಎಲ್ಲದಕ್ಕೂ ಕಣ್ಣೀರು. ನಾನು ಎದ್ದು ಹೋಗಿ ಚಿತ್ರ ತೊಳೆಯುವ ಬಕೆಟ್ಟಿನ ನೀರು ಬದಲಾಯಿಸಿದೆ, ಅದನ್ನು ಬದಲಾಯಿಸುವ ಅಗತ್ಯವೇನೂ ಇರಲಿಲ್ಲ.

ಈಗ ನೀನೇ ಹೇಳು. ನನ್ನ ಹೆಂಡತಿ ನನ್ನನ್ನು ನೋಡಿ ನಕ್ಕ ನಗು, ಇದ್ದದ್ದು ನನ್ನ ಬೆನ್ನ ಹಿಂದೆ ಐದು ಹೆಜ್ಜೆಯಲ್ಲಿ. ಸಿಕ್ಕಿದ್ದು ಆ ಹುಡುಗಿಗೆ. ಪ್ರದರ್ಶನಕ್ಕೆ ಬಂದ ಕಂಡಕಂಡವರೆಲ್ಲ ಅದನ್ನು ನೋಡಿದ್ದಾರೆ, ನಾನೂ ಅವರ ಹಾಗೆಯೇ ಗೋಡೆಯ ಮೇಲೆ ನೋಡಬೇಕಾಯಿತು. ಅದನ್ನೇ ಕಲ್ಲಿಗೂ ಹಾಕಿದರೆ ಪ್ರತಿ ಭಾನುವಾರ ಹೂವು ತೆಗೆದುಕೊಂಡು ಹೋಗಿ ಇನ್ನೊಬ್ಬರ ಕೈಚಳಕದ ಮುಂದೆ ಟೋಪಿ ತೆಗೆಯಬೇಕು. ಅದು ನನ್ನಿಂದಾಗದು.

ಆದ್ದರಿಂದ ಇದರ ಜೊತೆ ೧೯೭೯ರ ಚಿತ್ರ ಕಳಿಸುತ್ತಿದ್ದೇನೆ. ಕಸೂತಿ ಕಾಲರಿನ ಉಡುಪು, ನೆಟ್ಟಗೆ ಕೂತಿದ್ದಾಳೆ, ಒಂದು ಕೂದಲೂ ಆಚೀಚೆ ಇಲ್ಲ. ಮೂವತ್ತನಾಲ್ಕರಲ್ಲಿ ಇದೇ ಉತ್ತಮ ಎಂದು ಮೊದಲಿನಿಂದಲೂ ನನ್ನ ಅಭಿಪ್ರಾಯ. ಪಿಂಗಾಣಿಯವನಿಗೆ ಇದನ್ನೇ ಕೊಡು, ಮಡಿಸದಂತೆ ಹೇಳು.

ನಿಮ್ಮ ತೆಮೂಕೋದಲ್ಲಿ ಮಳೆ ಹೆಚ್ಚೆಂದು ರೇಡಿಯೋ ಹೇಳುತ್ತದೆ, ಒದ್ದೆ ಕಾಲಿನಲ್ಲಿ ಕೆಲಸಕ್ಕೆ ಹೋಗಬೇಡ. ಅಳಿಯನಿಗೆ ನನ್ನ ಅಪ್ಪುಗೆ. ದೇವಮಾತೆ ನಿಮ್ಮಿಬ್ಬರನ್ನೂ ತನ್ನ ಸೆರಗಿನೊಳಗೆ ಇಟ್ಟುಕೊಳ್ಳಲಿ, ನಿನ್ನಮ್ಮ ಅವಳ ಪಕ್ಕದಲ್ಲಿ ಕೂತು ನೆನಪಿಸುತ್ತಿರಲಿ.

ನಿನ್ನ ಮೊಂಡು ಅಪ್ಪ,
ನಿಬಾಲ್ದೊ

ಮರೆತ ಮಾತು: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ. ಬೇರೆ ಯಾರಿಗೂ ಓದಿ ಹೇಳಬೇಡ, ಗಂಡನಿಗೂ ಕೂಡ.

ಗೋಡೆಯ ಮೇಲಿರುವವು ಮೂವತ್ತನಾಲ್ಕೇ ಹೌದು. ತೆಗೆದದ್ದು ಅಷ್ಟೇ ಅಲ್ಲ. ನನ್ನ ಪೆಟ್ಟಿಗೆಗೆ ಮೂರು ಎಣಿಸುವಷ್ಟು ಹೊತ್ತು ಅಲ್ಲಾಡದೆ ಕೂರಬೇಕು. ನಿನ್ನಮ್ಮನಿಗೆ ಮೊದಲ ಸಲ ಅದು ಆಗುತ್ತಲೇ ಇರಲಿಲ್ಲ. ನಾನು “ಎರಡು” ಅನ್ನುವಷ್ಟರಲ್ಲಿ ಅವಳು ನಕ್ಕುಬಿಡುತ್ತಿದ್ದಳು. ಕಾಗದ ತೊಳೆದು ನೋಡಿದರೆ ಮುಖವೆಲ್ಲ ಕದಡಿರುತ್ತಿತ್ತು, ನಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಿರುತ್ತಿತ್ತು. “ಹಾಳು ಮಾಡ್ದೆ, ಮತ್ತೆ ಕೂತ್ಕೋ, ಈ ಸಲ ಹಲ್ಲು ಕಿರೀಬೇಡ” ಎಂದು ಗದರಿ, ಅದನ್ನು ಹರಿದು ಬಕೆಟ್ಟಿಗೆ ಹಾಕುತ್ತಿದ್ದೆ. ಎರಡನೆಯ ಸಲ ಅವಳು ಹೇಳಿದ ಹಾಗೆ ಕೂರುತ್ತಿದ್ದಳು. ನೀನು ಗೋಡೆಯ ಮೇಲೆ ನೋಡಿದ್ದೆಲ್ಲ ಆ ಎರಡನೆಯವು. ಹದಿನಾರು ವರ್ಷ ಹೀಗೇ ನಡೆಯಿತು.

ಹದಿನೇಳನೆಯ ವರ್ಷ ಅವಳು ಮೊದಲ ಸಲವೇ ಅಲ್ಲಾಡದೆ ಕೂತಳು. ಒಂದು ಕಾಗದ ಉಳಿಯಿತೆಂದು ನನಗೆ ಖುಷಿಯೋ ಖುಷಿ. “ಅಂತೂ ಕಲಿತೆ ನೋಡು” ಅಂದೆ. ಅವಳು ಸ್ಟೂಲಿನಿಂದ ಎದ್ದು ಡಬ್ಬಿ ಎತ್ತಿಕೊಂಡು ಮನೆಗೆ ಹೋದಳು. ಆಮೇಲೆ ನನ್ನ ಪೆಟ್ಟಿಗೆಯ ಎದುರು ಅವಳು ಒಮ್ಮೆಯೂ ನಗಲಿಲ್ಲ. ಆ ಚಿತ್ರವೇ ನಿನಗೆ ಕಳಿಸುತ್ತಿರುವ ೧೯೭೯ರದ್ದು.

ಇದನ್ನು ಪಿಂಗಾಣಿಯವನಿಗೆ ಕೊಡಬೇಡ. ಕಲ್ಲಿಗೆ ಆ ಹುಡುಗಿಯದ್ದನ್ನೇ ಹಾಕಿಸು, ಮೂಲೆಯ ಕಪ್ಪು ಗುಡ್ಡೆಯನ್ನು ಕತ್ತರಿಸದಂತೆ ನೋಡಿಕೋ. ಬಲಿಪೂಜೆಯ ದಿನ ಯಾರಾದರೂ ಕಲ್ಲಿನ ಮೇಲಿನ ಚಿತ್ರ ತೆಗೆದವರು ಯಾರೆಂದು ಕೇಳಿದರೆ ನೀನು ಬಾಯಿ ಹಾಕಬೇಡ, ನನ್ನನ್ನು ಕೇಳಲು ಹೇಳು. ಏನು ಉತ್ತರ ಕೊಡುತ್ತೇನೋ ನನಗಿನ್ನೂ ಗೊತ್ತಿಲ್ಲ.