ಬುತ್ತಿಯ ಬುಟ್ಟಿಯಲ್ಲಿ ಬಂದದ್ದು

ರೀ,

ರಾತ್ರಿ ಪಾಳಿ ಮುಗಿಸಿ ಬಂದವರು ಮನೆ ಖಾಲಿ ಇದೆಯೆಂದು ಗಾಬರಿಯಾಗಬೇಡಿ. ಮಕ್ಕಳಿಬ್ಬರೂ ಪಕ್ಕದ ಶಾಂತಮ್ಮನವರ ಮನೆಯಲ್ಲಿದ್ದಾರೆ. ನಾನು ಅಣ್ಣನ ಕಾರಿನಲ್ಲಿ ಮತ್ತೆ ಲಕ್ಕವಳ್ಳಿ ಕಾಡಿಗೆ ಹೋಗುತ್ತಿದ್ದೇನೆ.

ನಿನ್ನೆ ನಾವೆಲ್ಲ ಊಟ ಕಟ್ಟಿಕೊಂಡು ಹೋಗಿದ್ದ ಆ ಕಾಡಿನಿಂದ ನಿಮ್ಮ ಮಗಳು ಗಿರಿಜೆ ಬುತ್ತಿಯ ಬುಟ್ಟಿಯಲ್ಲಿ ಬಚ್ಚಿಟ್ಟು ತಂದ ಮರಿಯನ್ನು ನೋಡಿ ನೀವು ಏನೆಂದಿರಿ? “ಕಾಡುಬೆಕ್ಕು ಕಣೇ, ಇಲಿ ಕಾಟ ತಪ್ಪುತ್ತೆ, ಇರ್ಲಿ ಬಿಡು” ಎಂದು ಕೆಲಸಕ್ಕೆ ಹೊರಟುಬಿಟ್ಟಿರಿ. ಬೆಳಿಗ್ಗೆ ಅಣ್ಣ ಅದನ್ನು ಬೆಳಕಿನಲ್ಲಿ ನೋಡಿದವನೇ ಎರಡು ಹೆಜ್ಜೆ ಹಿಂದೆ ಸರಿದ. “ಬೆಕ್ಕಲ್ಲ ಮಾರಾಯ್ತಿ, ಚಿರತೆ ಮರಿ” ಎಂದ. ರಾತ್ರಿಯೆಲ್ಲ ಅದು ನಮ್ಮ ಪುಟ್ಟ ಶಿವುವಿನ ಪಕ್ಕದಲ್ಲಿ ಮಲಗಿತ್ತು.

ಅಣ್ಣ ಕಾರು ಬಿಡುವಾಗ ಮರಿಯನ್ನು ಹಿಡಿದುಕೊಳ್ಳುವವರು ಬೇಕಲ್ಲ, ಅದಕ್ಕೇ ನಾನೂ ಹೊರಟೆ. ತಿಂಗಳ ರೇಷನ್ ಪೆಟ್ರೋಲ್ ಕೂಪನ್ನೆಲ್ಲ ಇದಕ್ಕೇ ಮುಗಿಯಿತೆಂದು ಗೊಣಗುತ್ತಿದ್ದಾನೆ.

ರೊಟ್ಟಿ ನೆಲುವಿನ ಮೇಲಿದೆ. ಹಾಲನ್ನೆಲ್ಲ ಮರಿಯೇ ಕುಡಿದಿದೆ, ಕಾಫಿಯ ಆಸೆ ಬಿಡಿ. ತಾಯಿ ಚಿರತೆ ಅಷ್ಟು ದೂರದಿಂದ ಬರುವುದಿಲ್ಲವಂತೆ. ಆದರೂ ಹಿತ್ತಲ ಬಾಗಿಲು ತೆರೆಯಬೇಡಿ. ಗಿರಿಜೆಗೆ ಹೊಡೆಯಬೇಡಿ, ಅತ್ತು ಅತ್ತು ಸುಸ್ತಾಗಿದ್ದಾಳೆ.

ಎಲ್ಲಿ ಸಿಕ್ಕಿತೆಂದು ಅವಳನ್ನು ಕೇಳಿದೆ. ನಾವು ಊಟಕ್ಕೆ ಕೂತಿದ್ದ ಬಂಡೆಯ ಹಿಂದೆಯಂತೆ. “ಎರಡಿದ್ವಮ್ಮ. ಒಂದನ್ನ ಅವರಮ್ಮಂಗೆ ಅಂತ ಬಿಟ್ಟು ಬಂದೆ” ಎಂದಳು.

ಅವರಮ್ಮ ಎಲ್ಲಿತ್ತೇ ಎಂದೆ.

“ಊಟ ಆದ್ಮೇಲೆ ಅಪ್ಪ ಮಲ್ಕೊಂಡಿದ್ರಲ್ಲ, ಆ ಮರದ ಮೇಲೇ ಇತ್ತು. ಅಪ್ಪನ್ನೇ ನೋಡ್ತಿತ್ತು” ಎಂದಳು.